ಹೆಂಚಿನವಳ ಬೊಟ್ಟು

"ಗುರುಗಳೇ, ಹಟಮಾರಿ ತಂದೆಯೊಬ್ಬನನ್ನು ತಿದ್ದುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯ ಹಳ್ಳಿಯೊಂದರ ಶಾಲೆಯಲ್ಲಿ ಮೇಷ್ಟ್ರು. ಭಾನುವಾರಕ್ಕೊಮ್ಮೆ ಗುರುಗಳ ಬಳಿ ಬಂದು ಕೂರುತ್ತಿದ್ದ. ಅವತ್ತು ಬರುವಾಗ ಕೈಯಲ್ಲಿ ಒಂದು ಚೀಲ ಇತ್ತು. ಚೀಲದಿಂದ ಮೂವತ್ತೊಂಬತ್ತು ಡೈರಿಗಳನ್ನು ತೆಗೆದು ಗುರುಗಳ ಮುಂದೆ ಇಟ್ಟ. ಮೂವತ್ತೆಂಟನ್ನು ಒಂದು ಕಡೆ, ಒಂದನ್ನು ಇನ್ನೊಂದು ಕಡೆ.

ಅವು ಓದಿನ ಡೈರಿಗಳು. ಅವನು ತರಗತಿಗೆ ತಂದ ಹೊಸ ಪದ್ಧತಿ. ಮಗು ದಿನಾ ಸಂಜೆ ಮನೆಯಲ್ಲಿ ಒಂದು ಕತೆಯನ್ನು ಗಟ್ಟಿಯಾಗಿ ಓದಬೇಕು. ಮನೆಯವರು ಕೇಳಿ, ಆ ದಿನದ ಚೌಕದಲ್ಲಿ ಸಹಿ ಹಾಕಬೇಕು. ಮೂವತ್ತೆಂಟು ಮನೆಗಳಿಂದ ಚೌಕ ತುಂಬಿ ಬರುತ್ತದೆ ಎಂದ ಶಿಷ್ಯ. ಒಂದು ಮನೆಯಿಂದ ಮಾತ್ರ ವಾರಕ್ಕೆ ಎರಡು ಮೂರು ಚೌಕ ಖಾಲಿ ಬರುತ್ತದೆ. ಹೇಳಿ ಕಳಿಸಿದ್ದಾಯಿತು. ತಾನೇ ಹೋಗಿ ಹೇಳಿದ್ದೂ ಆಯಿತು. ಆ ಮನುಷ್ಯ, ಆ ದಿನ ಸರಿಯಾಗಿ ಕೇಳುವುದಕ್ಕೆ ಆಗಲಿಲ್ಲ ಸಾರ್ ಎನ್ನುತ್ತಾನೆ, ಅಷ್ಟೇ. ಒಂದು ಗೀಟು ಎಳೆಯಲು ಏನು ಕಷ್ಟ? ತಾಲ್ಲೂಕಿನಿಂದ ಶಾಲೆ ನೋಡಲು ಬರುವವರಿದ್ದಾರೆ. ಇವನೊಬ್ಬನಿಂದ ಇಡೀ ತರಗತಿಗೆ ಕೆಟ್ಟ ಹೆಸರು.

ಶಿಷ್ಯನ ದನಿ ಏರಿತ್ತು. ಗುರುಗಳು ಡೈರಿಗಳನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

"ಸಂಜೆ ಮಗಳು ಓದುವುದನ್ನು ನೀನು ಕೇಳು. ಕೇಳದೆ ಬೊಟ್ಟು ಇಡಬೇಡ."

ಒಬ್ಬ ಹೆಂಚಿನವನಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಇದು. ಮೂರು ದಿನದಿಂದ ಅವಳಿಗೆ ಜ್ವರ ಬಿಟ್ಟಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರ ಲಗೇಜು ಆಟೋದಲ್ಲಿ ಅವಳನ್ನು ಕೂರಿಸಿದರು. ಅವನು ಅವಳ ಚಪ್ಪಲಿ ಹುಡುಕುತ್ತಿದ್ದ. ಒಂದು ಸಿಕ್ಕಿತ್ತು, ಇನ್ನೊಂದು ಸಿಕ್ಕಿರಲಿಲ್ಲ. ಅವಳು ಈ ಮಾತು ಹೇಳಿದಾಗ ಅವನು ಹೂಂ ಎನ್ನಲಿಲ್ಲ. ಇನ್ನೊಂದನ್ನು ಎಲ್ಲಿ ಬಿಟ್ಟೆ ಎಂದು ಕೇಳಿದ. ಅದಕ್ಕೆ ಅವಳು ಉತ್ತರ ಹೇಳಲಿಲ್ಲ. ದಾರಿಯಲ್ಲಿ ಮಾತಾಡಲಿಲ್ಲ. ಆಸ್ಪತ್ರೆಯಲ್ಲೂ ಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ಅವಳು ಇರಲಿಲ್ಲ.

ಬೊಟ್ಟು ಯಾವುದು ಎಂದು ಹೇಳಬೇಕು.

ಗಂಡ ಹೆಂಡತಿ ನಾಡಹೆಂಚು ಮಾಡುವವರು. ಮಣ್ಣು ತುಳಿಯುವುದು, ಹೆಂಚು ಮಾಡುವುದು, ಆವಿಗೆಯಲ್ಲಿಟ್ಟು ಸುಡುವುದು ಅವನ ಕೆಲಸ. ಆವಿಗೆ ಆರಿದ ಮೇಲಿನ ಕೆಲಸ ಅವಳದು. ಅವಳು ಒಂದೊಂದೇ ಹೆಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದಳು. ಠಣ್ ಎಂದರೆ ಒಳಗೆ ಗಟ್ಟಿ. ದಬ್ ಎಂದರೆ ಒಳಗೆ ಬಿರುಕು. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹೆಂಚು ನೋಡಲು ಕೆಂಪಗೆ ನುಣ್ಣಗೆ ಇರುತ್ತದೆ. ಮೊದಲ ಮಳೆಗೆ ಬಾಯಿ ಬಿಡುತ್ತದೆ. ಠಣ್ ಎಂದ ಹೆಂಚಿಗೆ ಅವಳು ಆವಿಗೆಯ ಮಸಿಯಲ್ಲಿ ಬೆರಳು ಅದ್ದಿ ಒಂದು ಬೊಟ್ಟು ಇಡುತ್ತಿದ್ದಳು. ಬೊಟ್ಟಿಲ್ಲದ ಹೆಂಚು ಅವರ ಅಂಗಳ ದಾಟುತ್ತಿರಲಿಲ್ಲ.

ಒಮ್ಮೆ ಅವಳು ತವರಿಗೆ ಹೋಗಿದ್ದಾಗ ಗಿರಾಕಿ ಗಾಡಿ ಹೊಡೆದುಕೊಂಡು ಬಂದ. ಗಂಡ ಅವಸರದಲ್ಲಿ ಹೆಂಚುಗಳಿಗೆ ತಾನೇ ಬೊಟ್ಟು ಇಟ್ಟು ತುಂಬಿಸಿದ. ಒಂದನ್ನೂ ಬಡಿಯಲಿಲ್ಲ. ಗಾಡಿ ಹೊರಡುವ ಹೊತ್ತಿಗೆ ಅವಳು ಬಂದಳು. ಬೊಟ್ಟುಗಳನ್ನು ನೋಡಿದಳು. ಎಲ್ಲ ಒಂದೇ ಸಮ, ಒಂದೇ ಕಡೆ. ಗಾಡಿ ಇಳಿಸಿ ಎಂದಳು. ಗಿರಾಕಿ ಗೊಣಗಿದ, ಗಂಡ ಗದರಿದ. ಅವಳು ಕೇಳಲಿಲ್ಲ. ಎಲ್ಲವನ್ನೂ ಬಡಿದಳು, ದಬ್ ಎಂದವನ್ನು ಆಚೆ ಇಟ್ಟಳು. ಇದರ ಕೆಳಗೆ ಯಾರದೋ ಮಗು ಮಲಗುತ್ತದೆ ಎಂದಳು. ಅಷ್ಟೇ ಅಂದದ್ದು. ಆಮೇಲೆ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು.

ಇಬ್ಬರಿಗೂ ಓದು ಬರುತ್ತಿರಲಿಲ್ಲ. ಅವನು ಎರಡನೆಯ ತರಗತಿಗೆ ಶಾಲೆ ಬಿಟ್ಟವನು. ಅವಳು ಶಾಲೆಯ ಒಳಗೆ ಕಾಲಿಟ್ಟವಳೇ ಅಲ್ಲ. ಮಗಳು ಮಾದೇವಿ ಮೂರನೆಯ ತರಗತಿಯಲ್ಲಿದ್ದಳು.

ಆ ಊರಿಗೆ ಒಬ್ಬರು ಹೊಸ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ. ಕತೆ ಕೇಳುವಾಗ ಇದನ್ನು ಮರೆಯಬಾರದು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಕತೆ ಪುಸ್ತಕಗಳನ್ನು ಹೊರಗೆ ತೆಗೆದು, ಮಕ್ಕಳ ಕೈಗೆ ಎಟುಕುವ ಹಾಗೆ ಹಗ್ಗಕ್ಕೆ ನೇತು ಹಾಕಿದರು. ಸಾಲಾಗಿ ಕೂರುತ್ತಿದ್ದ ಮಕ್ಕಳನ್ನು ಸುತ್ತಾಗಿ ಕೂರಿಸಿದರು. ಹಳೆಯ ಮೇಷ್ಟ್ರು ಬಿಟ್ಟುಹೋಗಿದ್ದ ಬೆತ್ತವನ್ನು ಹೂವಿನ ಗಿಡಕ್ಕೆ ಊರುಗೋಲು ಮಾಡಿದರು. ಓದಿನ ಡೈರಿ ಮಾಡಿಸಿದರು. ನಿನ್ನ ಹಾಗೆಯೇ.

ಮನೆಮನೆಗೂ ಹೋದರು. ಹೆಂಚಿನವನ ಅಂಗಳಕ್ಕೂ ಬಂದು, ಮಣ್ಣಿನ ಗುಡ್ಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹೆಂಡತಿಗೆ ಡೈರಿಯ ವಿಷಯ ತಿಳಿಸಿದರು. ತನಗೆ ಅಕ್ಷರ ಬಾರದು, ಮಗಳು ಓದಿದ್ದು ಸರಿಯೋ ತಪ್ಪೋ ತನಗೆ ಹೇಗೆ ಗೊತ್ತಾಗಬೇಕು ಎಂದು ಅವಳು ಕೇಳಿದಳು.

"ಅಕ್ಷರ ಬರದಿದ್ದರೆ ಏನಮ್ಮ, ಕಿವಿ ಇದೆಯಲ್ಲ" ಎಂದರು ಮೇಷ್ಟ್ರು. "ಕೂತು ಕೇಳಿ. ಕೇಳಿದ ಮೇಲೆ ನಿಮಗೆ ಬಂದ ಗುರುತು ಹಾಕಿ."

ಅವಳಿಗೆ ಬಂದ ಗುರುತು ಒಂದೇ. ಅವಳು ಮೇಷ್ಟ್ರ ಮಾತನ್ನು ಮಾತು ಎಂದೇ ತಿಳಿದಳು.

ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. ರೊಟ್ಟಿಯ ಮೇಲೆ ಕಣ್ಣು, ಮಗಳ ಮೇಲೆ ಕಿವಿ. ಹೆಂಚು ಬಡಿದು ಬಡಿದು ಪಳಗಿದ ಕಿವಿ ಅದು. ಮಗಳು ಒಂದು ಪದವನ್ನು ನುಂಗಿದರೆ ರೊಟ್ಟಿ ತಟ್ಟುವ ಕೈ ನಿಲ್ಲುತ್ತಿತ್ತು. ಅರ್ಥವಾಗದೆ ಓಡಿಸಿಕೊಂಡು ಓದಿದರೂ ನಿಲ್ಲುತ್ತಿತ್ತು. ಅದು ದಬ್ ಅಂತು, ಇನ್ನೊಂದು ಸಲ ಎನ್ನುತ್ತಿದ್ದಳು.

ಒಂದು ಸಂಜೆ ಮಾದೇವಿಗೆ ಆಟಕ್ಕೆ ಹೋಗುವ ಆತುರ. ಓದುತ್ತಿದ್ದದ್ದು ಒಂದು ಮುದುಕಿಯ ಕತೆ. ಮುದುಕಿ ತನ್ನ ಮೇಕೆಯನ್ನು ಹರಿಗೋಲಿಗೆ ಹತ್ತಿಸಿಕೊಂಡು ಹೊಳೆ ದಾಟಿ ಮಗಳ ಊರಿಗೆ ಹೋಗುತ್ತಾಳೆ. ಮಾದೇವಿ ನಡುವೆ ಒಂದು ಹಾಳೆ ಹಾರಿಸಿದಳು. ಮುದುಕಿ ಮಗಳ ಮನೆ ತಲುಪಿದಳು, ಊಟ ಮಾಡಿದಳು, ಕತೆ ಮುಗಿಯಿತು. ಪುಸ್ತಕ ಮುಚ್ಚಿ ಡೈರಿ ಚಾಚಿದಳು. ತಾಯಿ ಹಿಟ್ಟಿನ ಕೈ ಒರೆಸಿಕೊಂಡು ಅವಳ ಮುಖ ನೋಡಿದಳು.

"ಮೇಕೆ ಇನ್ನೂ ಹರಿಗೋಲಿನಲ್ಲೇ ಇದೆಯಲ್ಲೇ. ಅದನ್ನು ಇಳಿಸಿದ್ದು ಯಾರು?"

ಗಂಡ ಹೊರಗಿನಿಂದ ಕೇಳಿಸಿಕೊಂಡು ನಕ್ಕ. ಮಾದೇವಿಗೆ ಸಿಟ್ಟು ಬಂತು. ಒಂದು ಬೊಟ್ಟು ಇಟ್ಟರೆ ಮಸಿ ಮುಗಿದುಹೋಗುತ್ತದಾ, ಪಕ್ಕದ ಮನೆ ಹುಡುಗಿಗೆ ಅವರಪ್ಪ ಕೇಳದೇ ಹಾಕಿಕೊಡುತ್ತಾರೆ ಎಂದು ಅತ್ತಳು. ತಾಯಿ ಜಗ್ಗಲಿಲ್ಲ. ಆ ದಿನದ ಚೌಕ ಖಾಲಿ ಉಳಿಯಿತು. ಹೀಗೆ ತಿಂಗಳಿಗೆ ನಾಲ್ಕೋ ಐದೋ ಚೌಕ ಖಾಲಿ. ಉಳಿದವುಗಳಲ್ಲಿ ಒಂದೊಂದು ಕರಿ ಬೊಟ್ಟು. ಮಾದೇವಿ ತರಗತಿಯಲ್ಲಿ ನೀರು ಕುಡಿದ ಹಾಗೆ ಓದುತ್ತಿದ್ದಳು.

ಮೊದಲ ಎರಡು ತಿಂಗಳು ಮೇಷ್ಟ್ರು ಪ್ರತಿ ಬೆಳಿಗ್ಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಿನ್ನೆ ಓದಿದ ಕತೆ ಹೇಳಿಸುತ್ತಿದ್ದರು. ಕರಿ ಬೊಟ್ಟುಗಳನ್ನು ನೋಡಿ ನಗುತ್ತಿದ್ದರು. ಆಮೇಲೆ ಪದ್ಧತಿಗೆ ಹೆಸರು ಬಂತು. ನೋಡಲು ಜನ ಬಂದರು, ಫೋಟೋ ತೆಗೆದರು. ಬೇರೆ ಶಾಲೆಯವರು ಕರೆದು ಭಾಷಣ ಮಾಡಿಸಿದರು. ಎಲ್ಲ ತರಗತಿಗಳಿಗೂ ಡೈರಿ ಬಂತು, ಎಲ್ಲವೂ ಮೇಷ್ಟ್ರ ಮೇಜಿಗೇ ಬಂತು. ಕೇಳುವುದಕ್ಕೆ ಹೊತ್ತು ಸಾಲಲಿಲ್ಲ, ನೋಡುವುದಕ್ಕೆ ಸಾಲುತ್ತಿತ್ತು. ಹಾಳೆ ತಿರುವುವುದು, ಸಹಿ ಇದೆಯೇ ನೋಡುವುದು, ಇದ್ದರೆ ಬಂಗಾರದ ಕಾಗದದ ನಕ್ಷತ್ರ ಅಂಟಿಸುವುದು.

ಊರಿನವರಿಗೆ ಇದು ಬೇಗ ತಿಳಿಯಿತು. ಇಂಥದ್ದು ಯಾವಾಗಲೂ ಬೇಗ ತಿಳಿಯುತ್ತದೆ. ಹೆಂಚಿನವನ ಕೇರಿಯ ಬಾಯಲ್ಲಿ ಒಂದು ಚಹಾ ಅಂಗಡಿ. ಅಂಗಡಿಯವನಿಗೆ ತನ್ನ ಸಹಿಯ ಮೇಲೆ ಬಲು ಹೆಮ್ಮೆ. ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆದು, ಬಾಲದ ಕೆಳಗೆ ಎರಡು ಚುಕ್ಕಿ ಇಡುತ್ತಿದ್ದ. ಓದು ಬಾರದ ಮನೆಗಳ ಮಕ್ಕಳು ಭಾನುವಾರ ಡೈರಿ ತಂದು ಅವನ ಮುಂದೆ ಇಡುತ್ತಿದ್ದರು. ಅವನು ಮುಂದಿನ ವಾರದ ಚೌಕಗಳನ್ನೂ ಸೇರಿಸಿ ಒಂದೇ ಏಟಿಗೆ ತುಂಬಿಸಿಕೊಡುತ್ತಿದ್ದ. ಈ ಕೇರಿಯಲ್ಲಿ ಹನ್ನೊಂದು ಮಕ್ಕಳಿಗೆ ನಾನೇ ಅಪ್ಪ ಎಂದು ಗಿರಾಕಿಗಳನ್ನು ನಗಿಸುತ್ತಿದ್ದ.

ಆಗ ಹೆಂಚಿನವನ ಹೆಂಡತಿ ಸತ್ತಳು.

ಮೇಷ್ಟ್ರು ಮನೆಗೆ ಬಂದು ಸ್ವಲ್ಪ ಹೊತ್ತು ನಿಂತು ಹೋದರು. ತಿಥಿ ಮುಗಿಯುವವರೆಗೆ ಮಾದೇವಿ ಶಾಲೆಗೆ ಹೋಗಲಿಲ್ಲ, ಪುಸ್ತಕ ತೆರೆಯಲಿಲ್ಲ. ಅಪ್ಪ ಓದು ಎನ್ನಲಿಲ್ಲ. ಅವನಿಗೆ ಆ ಸಂಜೆಗಳು ಹೇಗೆ ಕಳೆದವೋ ನೆನಪಿಲ್ಲ. ಹದಿನಾಲ್ಕನೆಯ ದಿನ ಬೆಳಿಗ್ಗೆ ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಹದಿಮೂರು ಚೌಕ ಖಾಲಿ ಇವೆ ಎಂದಳು.

ಬೈಸಿಕೊಳ್ಳುತ್ತಾಳೆ ಎಂದು ಅವನಿಗೆ ಅನ್ನಿಸಿತು. ತಾಯಿಯನ್ನು ಕಳೆದುಕೊಂಡ ಮಗು, ಬೈಸಿಕೊಳ್ಳುವುದು ಬೇಡ. ಆವಿಗೆಯ ಬಾಯಿಗೆ ಹೋಗಿ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಬಂದ. ಹದಿಮೂರು ಬೊಟ್ಟು ಒತ್ತಿದ. ಅವನದು ಮಣ್ಣು ತುಳಿಯುವವನ ಕೈ. ಬೊಟ್ಟುಗಳು ದೊಡ್ಡವಾದವು, ಒಂದಕ್ಕೊಂದು ತಾಗಿದವು, ಹಾಳೆಯ ಹಿಂದಕ್ಕೂ ಇಳಿದವು. ಮಗಳು ಡೈರಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಹೋದಳು. ಹೆಂಡತಿ ಗಾಡಿ ಇಳಿಸಿದ ದಿನ ನೋಡಿದ್ದ ನೋಟವೇ ಅದು. ಅವನು ತಲೆ ತಗ್ಗಿಸಿದ.

ಸಂಜೆ ಮಾದೇವಿ ಎರಡು ಡೈರಿ ತಂದಳು. ಒಂದು ಹೊಸದು. ಹಳೆಯದರ ಒಂದೊಂದು ಹಾಳೆಯ ಮೇಲೂ ಮೂಲೆಯಿಂದ ಮೂಲೆಗೆ ಕೆಂಪು ಗೀಟು, ಗೀಟಿನ ಮೇಲೆ ಏನೋ ಬರಹ. ಅವನು ಅದರ ಮೇಲೆ ಬೆರಳಿಟ್ಟು ಏನಿದು ಎಂದು ಕೇಳಿದ. ರದ್ದು ಅಂತ ಎಂದಳು. ಹಾಗೆಂದರೇನು ಎಂದ. ಇದು ಲೆಕ್ಕಕ್ಕಿಲ್ಲ ಅಂತ ಎಂದಳು. ಡೈರಿ ಗಲೀಜಾಗಿದೆ, ನೋಡಲು ಬರುವವರಿಗೆ ತೋರಿಸುವ ಹಾಗಿಲ್ಲ, ಇನ್ನು ಮೇಲೆ ಮಸಿ ಬೇಡ, ಪೆನ್ನಿನ ಸಹಿಯೇ ಬೇಕು ಎಂದು ಮೇಷ್ಟ್ರು ಹೇಳಿದರಂತೆ. ನಿನ್ನ ತಪ್ಪಲ್ಲ ಮಗು ಎಂದು ತಲೆ ಸವರಿದರಂತೆ.

ಅವನು ಹಾಳೆ ತಿರುವಿದ. ಹಿಂದಿನ ತಿಂಗಳು, ಅದರ ಹಿಂದಿನ ತಿಂಗಳು. ಸಣ್ಣ ಬೊಟ್ಟುಗಳು. ಅವಳ ಬೆರಳಿನ ಗೆರೆಗಳೂ ಕೆಲವುಗಳಲ್ಲಿ ಮೂಡಿದ್ದವು. ಜ್ವರ ಬಂದ ಮೊದಲನೆಯ ಸಂಜೆ ಅವಳು ಗೋಡೆಗೆ ಒರಗಿ ಕೂತು ಕೇಳಿ ಇಟ್ಟ ಬೊಟ್ಟು ಸ್ವಲ್ಪ ಓರೆಯಾಗಿತ್ತು. ಎಲ್ಲದರ ಮೇಲೂ ಕೆಂಪು ಗೀಟು ಹಾದುಹೋಗಿತ್ತು.

ಮೇಷ್ಟ್ರ ಮುಖಕ್ಕೆ ಇದನ್ನು ಎಸೆದು ಬರುತ್ತೇನೆ ಎಂದು ಎದ್ದ. ಬಾಗಿಲ ತನಕ ಹೋದ. ಅಲ್ಲಿ ನಿಂತ. ಕೆಂಪು ಗೀಟನ್ನು ಕರೆದು ತಂದದ್ದು ಯಾರು? ಅವಳ ಬೊಟ್ಟುಗಳನ್ನು ಮೇಷ್ಟ್ರು ಇಷ್ಟು ದಿನ ನೋಡಿದ್ದರು, ಏನೂ ಅಂದಿರಲಿಲ್ಲ. ಹಾಳೆ ಗಲೀಜಾದದ್ದು ತನ್ನ ಹೆಬ್ಬೆರಳಿನಿಂದ. ಅವನು ವಾಪಸ್ಸು ಬಂದು ಡೈರಿಯನ್ನು ಗೋಡೆಯ ಗೂಡಿನಲ್ಲಿಟ್ಟ. ಮರುದಿನವೂ ಸಿಟ್ಟು ಏರಿತು, ಮರುದಿನವೂ ಬಾಗಿಲಿನಿಂದಲೇ ತಿರುಗಿದ. ಹೀಗೆ ಒಂದು ತಿಂಗಳು ಕಳೆಯಿತು. ಹೊಸ ಡೈರಿಯನ್ನು ಮಗಳು ತೋರಿಸಲಿಲ್ಲ, ಅವನು ಕೇಳಲಿಲ್ಲ. ಮನೆಯಲ್ಲಿ ಓದುವ ದನಿಯೇ ನಿಂತುಹೋಯಿತು.

ತಿಂಗಳ ಕೊನೆಗೆ ಶಾಲೆಯಲ್ಲಿ ತಂದೆತಾಯಂದಿರ ಸಭೆ ಕರೆದರು. ಹೆಂಚಿನವನು ಹಳೆಯ ಡೈರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೋದ. ಸಭೆ ಮುಗಿದ ಮೇಲೆ, ಎಲ್ಲರೂ ಹೋದ ಮೇಲೆ, ಮೇಷ್ಟ್ರನ್ನು ಒಂದು ಮಾತು ಕೇಳಬೇಕು. ಸಾರ್, ತಪ್ಪು ನನ್ನದು, ಅವಳ ಬೊಟ್ಟುಗಳ ಮೇಲಿನ ಗೀಟು ತೆಗೆಯಲು ಆಗುತ್ತದಾ ಎಂದು. ಅಷ್ಟೇ ಅವನ ಮನಸ್ಸಿನಲ್ಲಿ ಇದ್ದದ್ದು. ಹಿಂದಿನ ಸಾಲಿನಲ್ಲಿ ಕೂತ.

ಸಭೆಯ ನಡುವೆ ಮೇಷ್ಟ್ರು ಮಾದೇವಿಯನ್ನು ಮುಂದೆ ಕರೆದು ನಿಲ್ಲಿಸಿದರು. ಅವಳ ಡೈರಿಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಈ ಮಗುವಿನ ತಾಯಿ ತೀರಿಕೊಂಡು ಎರಡು ತಿಂಗಳೂ ಆಗಿಲ್ಲ, ತಂದೆಗೆ ಓದು ಬಾರದು, ಆದರೂ ಆತ ಸಹಿ ಹಾಕುವುದನ್ನು ಕಲಿತು, ಒಂದು ದಿನವೂ ಬಿಡದೆ ಮಗಳ ಓದು ಕೇಳಿದ್ದಾರೆ, ನೀವೆಲ್ಲ ಇವರನ್ನು ನೋಡಿ ಕಲಿಯಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣಲ್ಲಿ ನೀರು ಬಂದಿತ್ತು. ನಿಜವಾದ ನೀರೇ. ಅದೇ ಹೊಟ್ಟೆ ಉರಿಯುವ ವಿಷಯ. ಡೈರಿಯ ತುಂಬ ನಕ್ಷತ್ರಗಳು. ಒಂದೊಂದು ನಕ್ಷತ್ರದ ಪಕ್ಕದಲ್ಲೂ ಒಂದು ಉದ್ದ ಬಾಲ, ಬಾಲದ ಕೆಳಗೆ ಎರಡು ಚುಕ್ಕಿ.

ಓದು ಬಾರದವನಿಗೂ ಆ ಬಾಲದ ಗುರುತು ಹತ್ತಿತು. ಚಹಾ ಅಂಗಡಿಯವನೂ ಸಭೆಯಲ್ಲಿದ್ದ. ಅವನು ಕಣ್ಣು ಮಿಟುಕಿಸಿದ.

ಹೆಂಚಿನವನು ಮಗಳ ಮುಖ ನೋಡಿದ. ಅವಳು ಚಪ್ಪಾಳೆಯ ನಡುವೆ ನೆಲ ನೋಡುತ್ತ ನಿಂತಿದ್ದಳು. ಓದದೇ ಇದ್ದ ಮೂವತ್ತು ಸಂಜೆಗಳಿಗೆ ಮೂವತ್ತು ನಕ್ಷತ್ರ. ಓದಿದ ಸಂಜೆಗಳ ಮೇಲೆ ಕೆಂಪು ಗೀಟು. ಅವನು ಎದ್ದು ನಿಂತ. ಟವಲು ಬಿಚ್ಚಿದ. ಮುಂದೆ ಹೋಗಿ ಹಳೆಯ ಡೈರಿಯನ್ನು ಮೇಜಿನ ಮೇಲೆ ತೆರೆದಿಟ್ಟ. ಅವನು ನಾಲ್ಕು ಜನರ ಮುಂದೆ ಮಾತಾಡಿದವನಲ್ಲ.

"ಆ ಸಹಿ ನನ್ನದಲ್ಲ ಸಾರ್. ಅವಳಮ್ಮ ಸತ್ತ ಮೇಲೆ ನನ್ನ ಮಗಳು ಮನೆಯಲ್ಲಿ ಒಂದು ಅಕ್ಷರ ಓದಿಲ್ಲ. ಇಲ್ಲಿ ನೋಡಿ. ಈ ಹದಿಮೂರು ಬೊಟ್ಟು ನನ್ನವು, ಸುಳ್ಳು ಬೊಟ್ಟು, ಇವನ್ನು ಹೊಡೆದುಹಾಕಿ. ಇವಕ್ಕೆ ಮುಂಚಿನವು ನನ್ನ ಹೆಂಡತಿಯವು. ಈ ಚೌಕ ಖಾಲಿ ಇದೆಯಲ್ಲ, ಅವತ್ತು ಮಗಳು ಒಂದು ಹಾಳೆ ಹಾರಿಸಿದ್ದಳು. ಅವಳಮ್ಮ ಕೇಳದೆ ಒಂದು ಬೊಟ್ಟೂ ಇಟ್ಟವಳಲ್ಲ. ನಿಮ್ಮ ಗುರುತು ಹಾಕಿ ಎಂದು ನಮ್ಮ ಅಂಗಳದಲ್ಲಿ ಕೂತು ಹೇಳಿದವರು ನೀವು. ನನ್ನದನ್ನು ಅಳಿಸುವುದಕ್ಕೆ ಅವಳದನ್ನು ಯಾಕೆ ಅಳಿಸಿದಿರಿ?"

ಮೇಷ್ಟ್ರು ಡೈರಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹಾಳೆ ತಿರುವಿದರು. ಖಾಲಿ ಚೌಕಗಳ ಮೇಲೆ ಅವರ ಬೆರಳು ಒಂದೊಂದಾಗಿ ನಿಂತಿತು. ಶಾಲೆಯ ಅಷ್ಟೂ ಡೈರಿಗಳಲ್ಲಿ ಖಾಲಿ ಚೌಕ ಇದ್ದದ್ದು ಅದೊಂದರಲ್ಲೇ. ನನಗೆ ಮಸಿ ಮಾತ್ರ ಕಂಡಿತು ಎಂದರು.

ಹಿಂದಿನಿಂದ ಯಾರೋ ಗೊಣಗಿದರು. ದಿನಾ ಕೂತು ಕೇಳುವುದಕ್ಕೆ ನಮಗೇನು ಬೇರೆ ಕೆಲಸ ಇಲ್ಲವಾ ಎಂದರು. ಹೆಂಚಿನವನು ತಿರುಗಿ, ನನಗೂ ಬೇರೆ ಕೆಲಸ ಇತ್ತು, ಅದಕ್ಕೇ ಹದಿಮೂರನ್ನು ಒಟ್ಟಿಗೆ ಒತ್ತಿದೆ ಎಂದ. ಚಹಾ ಅಂಗಡಿಯವನು ಹಾಲು ಉಕ್ಕುತ್ತದೆ ಎಂದು ಎದ್ದು ಹೋದ. ಮಾದೇವಿ ಹೊಸ ಡೈರಿಯನ್ನು ತೆಗೆದುಕೊಂಡು ನಕ್ಷತ್ರಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟಳು. ಅಪ್ಪ ಮಗಳು ಮನೆಗೆ ಬಂದರು. ದಾರಿಯಲ್ಲಿ ಅವಳು ಅವನ ಕೈ ಹಿಡಿದುಕೊಂಡಿದ್ದಳು.

ಆ ಸಂಜೆ ಅವನು ಒಲೆಯ ಮುಂದೆ ಕೂತ. ಪಕ್ಕದಲ್ಲಿ ಒಡೆದ ಹೆಂಚಿನ ಒಂದು ಓಡಿನಲ್ಲಿ ಮಸಿ ಇಟ್ಟುಕೊಂಡ. ಓದು ಮಗಳೇ ಎಂದ. ಮಾದೇವಿ ಮುದುಕಿಯ ಕತೆಯನ್ನೇ ತೆಗೆದಳು. ಮುದುಕಿ ಹೊಳೆಯ ದಂಡೆಗೆ ಬಂದಳು. ಮೇಕೆಯನ್ನು ಹರಿಗೋಲಿಗೆ ಹತ್ತಿಸಿದಳು. ಅವನು ಕೇಳುತ್ತಿದ್ದ. ಕೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಅವನ ಕಣ್ಣು ಹೆಂಡತಿ ಒರಗುತ್ತಿದ್ದ ಗೋಡೆಯ ಮೇಲೆ ಇತ್ತು. ಆ ಇನ್ನೊಂದು ಚಪ್ಪಲಿ ಆವಿಗೆಯ ಹಿಂದೆ ಸಿಕ್ಕಿದ್ದು ಅವಳನ್ನು ಮಣ್ಣು ಮಾಡಿ ಬಂದ ಮೇಲೆ. ಮುದುಕಿ ಮಗಳ ಮನೆಯಲ್ಲಿ ಊಟ ಮಾಡಿದಳು. ಕತೆ ಮುಗಿಯಿತು. ಮಾದೇವಿ ಡೈರಿ ಚಾಚಿದಳು. ಚೆನ್ನಾಗಿ ಓದಿದೆ ಎಂದು ಅವನು ಮಸಿಯಲ್ಲಿ ಬೆರಳು ಅದ್ದಿದ.

ಮಗಳು ಅವನ ಮಣಿಕಟ್ಟು ಹಿಡಿದಳು.

"ಅಪ್ಪ, ಮೇಕೆ ಇನ್ನೂ ಹರಿಗೋಲಿನಲ್ಲೇ ಇದೆ."

ಅವನು ಅವಳನ್ನು ನೋಡಿದ. ಅವಳು ಬೇಕೆಂದೇ ಹಾಳೆ ಹಾರಿಸಿದ್ದಳು. ಬಡಿದು ನೋಡಿದ್ದಳು. ಅವನು ದಬ್ ಎಂದಿದ್ದ.

ಬೆರಳಿನ ಮಸಿಯನ್ನು ಪಂಚೆಗೆ ಒರೆಸಿಕೊಂಡ. ಆ ಹಾಳೆ ಓದು, ಈಗ ಕೇಳುತ್ತೇನೆ ಎಂದ. ಅವಳು ಓದಿದಳು. ಮೇಕೆ ಇಳಿಯಿತು. ಅವನು ಕೇಳಿದ. ಆದರೂ ಅವತ್ತಿನ ಚೌಕದಲ್ಲಿ ಬೊಟ್ಟು ಇಡಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಮಗಳ ಜೊತೆ ಶಾಲೆಗೆ ಹೋದ. ಡೈರಿಯನ್ನು ಮೇಷ್ಟ್ರ ಮೇಜಿನ ಮೇಲೆ ಬಿಡಿಸಿ, ಆ ಖಾಲಿ ಚೌಕದ ಮೇಲೆ ಬೆರಳಿಟ್ಟು, ನಿನ್ನೆ ಓದಿದವಳು ಸರಿಯಾಗಿ ಓದಿದಳು, ಕೇಳಿದವನು ಸರಿಯಾಗಿ ಕೇಳಲಿಲ್ಲ ಎಂದು ಹೇಳಿ ಆವಿಗೆಯ ಕಡೆ ನಡೆದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ನಮ್ಮ ಊರಿನ ಆ ತಂದೆಯನ್ನು ತಿದ್ದುವುದು ಹೇಗೆಂದು ನೀವು ಹೇಳಲಿಲ್ಲ ಎಂದ ಶಿಷ್ಯ.

ಗುರುಗಳು ಖಾಲಿ ಚೌಕದ ಆ ಒಂದು ಡೈರಿಯನ್ನು ಎತ್ತಿ ಶಿಷ್ಯನ ಕೈಗೆ ಕೊಟ್ಟರು. ಉಳಿದವುಗಳನ್ನು ಅವನ ಮುಂದಕ್ಕೆ ತಳ್ಳಿದರು.

"ಇದು ಠಣ್ ಎಂದಿದೆ, ಬೊಟ್ಟು ಬಿದ್ದಾಗಿದೆ, ಈ ಮೂವತ್ತೆಂಟನ್ನು ನೀನು ಯಾವತ್ತು ಬಡಿದು ನೋಡುತ್ತೀಯ?"